ಬಾರದವರೆಲ್ಲ ಗುಣವಾದವರು

ಕೈ ಚಿಕಿತ್ಸೆಯ ಸಮ್ಮೇಳನಗಳಲ್ಲಿ ವೇದಿಕೆ ಹತ್ತುವವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೈಕು ಹಿಡಿಯುತ್ತಾರೆ, ಹಾರ ಹಿಡಿಯುತ್ತಾರೆ, ಮಧ್ಯಾಹ್ನ ಊಟದ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿಯುತ್ತಾರೆ. ರೋಗಿಯ ಕೈ ಹಿಡಿದು ಮಾತ್ರ ವರ್ಷಗಳಾಗಿರುತ್ತವೆ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದಾಳೆ ಅಂದುಕೊಳ್ಳುವವರು ಅಂದುಕೊಳ್ಳಲಿ. ಒಂದು ಕಾಲಕ್ಕೆ ನನಗೂ ಆ ಸಾಲಿನಲ್ಲಿ ನಿಲ್ಲಬೇಕೆಂಬ ಚಪಲವಿತ್ತು, ಅದಕ್ಕಾಗಿ ಒಂದು ಹೇಸಿಗೆ ಕೆಲಸ ಮಾಡಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಸಯನ್‌ನಲ್ಲಿ. ನಾನು ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್. ಮೈಸೂರಿನ ನೆಂಟರಿಗೆ ಈ ಹೆಸರು ನಾಲಿಗೆಗೇ ಹತ್ತುತ್ತಿರಲಿಲ್ಲ. "ಅಂದ್ರೆ ನರ್ಸಾ?" ಎಂದು ಚಿಕ್ಕಮ್ಮ ಕೇಳಿದರೆ ನನ್ನ ತಾಯಿ, "ನರ್ಸಲ್ಲ ಕಣೇ, ಬೆರಳು ಮಡಿಸೋದು ಹೇಳ್ಕೊಡ್ತಾಳೆ" ಎನ್ನುತ್ತಿದ್ದರು. "ಅಯ್ಯೋ ಶಿವನೇ, ಅದನ್ನೂ ಹೇಳ್ಕೊಡ್ಬೇಕಾ!" ಎಂದು ಚಿಕ್ಕಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಹೇಳಿಕೊಡಬೇಕು. ಬೆರಳು ಮಡಿಸುವ ನರ, ಡಾಕ್ಟರುಗಳು ಟೆಂಡನ್ ಅನ್ನುವುದು, ತುಂಡಾದವರಿಗೆ ಹಸುಗೂಸಿಗೆ ಕಲಿಸಿದ ಹಾಗೆ ಕಲಿಸಬೇಕು. ಸರ್ಜನ್ ನರವನ್ನು ಹೊಲಿದು ತನ್ನ ಪಾಡಿಗೆ ಹೊರಟುಹೋಗುತ್ತಾನೆ. ಹೊಲಿದ ನರ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡುಬಿಟ್ಟರೆ ಬೆರಳು ಕೊರಡಾಗುತ್ತದೆ. ಅಂಟದ ಹಾಗೆ ಆಡಿಸುತ್ತಿರಬೇಕು. ಜೋರಾಗಿ ಆಡಿಸಿದರೆ ಹೊಲಿಗೆ ಕಿತ್ತುಹೋಗುತ್ತದೆ. ಅದಕ್ಕೆಂದು ಮುಂಗೈಯಿಂದ ಬೆರಳ ತುದಿಯ ತನಕ ಒಂದು ತಗಡಿನ ಆಸರೆ ಕಟ್ಟುತ್ತೇವೆ, ಸ್ಪ್ಲಿಂಟ್ ಅಂತ. ಉಗುರಿಗೆ ಕೊಕ್ಕೆ ಅಂಟಿಸಿ, ಕೊಕ್ಕೆಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಮಣಿಕಟ್ಟಿಗೆ ಎಳೆದು ಕಟ್ಟಿದರೆ, ರೋಗಿ ಬೆರಳನ್ನು ಚಾಚುತ್ತಾನೆ, ರಬ್ಬರ್ ಅದನ್ನು ಮಡಿಸುತ್ತದೆ. ಹೊರದೇಶದಲ್ಲಿ ಇದಕ್ಕೆ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆ ಇತ್ತು. ನಮಗೆಲ್ಲಿಂದ ಬರಬೇಕು? ಅಲ್ಯೂಮಿನಿಯಂ ತಗಡು, ಬ್ಲೌಸಿನ ಹುಕ್ಕು, ಸ್ಟೇಷನ್ನಿನ ಹೊರಗೆ ಸಿಗುವ ರಬ್ಬರ್ ಬ್ಯಾಂಡು. ನಾನೇ ಕತ್ತರಿಸಿ, ನಾನೇ ಬಗ್ಗಿಸಿ, ನಾನೇ ಅಂಚು ಉಜ್ಜುತ್ತಿದ್ದೆ.

ನಮ್ಮ ವಿಭಾಗಕ್ಕೆ ಒಬ್ಬರು ದೊಡ್ಡ ಸಾಹೇಬರಿದ್ದರು, ಬೆಂಗಳೂರಿನವರು. ಕನ್ನಡ ಸಂಘದ ವೇದಿಕೆಯ ಮೇಲೆ ನಿಂತರೆ ತಾಯಿನುಡಿ ಎಂದು ಗಂಟಲು ಕಟ್ಟಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ನನ್ನೊಡನೆ ಬರೀ ಇಂಗ್ಲಿಷು. ಅವರು ನನ್ನ ಹತ್ತಿರ ಕನ್ನಡದಲ್ಲಿ ಮಾತು ತೆಗೆದರೆಂದರೆ ಯಾವುದೋ ಹೊಲಸು ಕೆಲಸ ನನ್ನ ತಲೆಗೆ ಬರಲಿದೆ ಎಂದೇ ಅರ್ಥ. ನಮ್ಮ ಕೋಣೆಗೆ ಅವರು ಕಾಲಿಡುತ್ತಿದ್ದದ್ದು ಯಾರಾದರೂ ವಿದೇಶಿ ಅತಿಥಿ ಬಂದಾಗ ಮಾತ್ರ. ಆಗ ನನ್ನ ಸ್ಪ್ಲಿಂಟನ್ನು ಎತ್ತಿ ಹಿಡಿದು, ಇದನ್ನು ನಾವು ಕಂಡುಹಿಡಿದೆವು ಎಂದು ಹೇಳುತ್ತಿದ್ದರು. ಒಮ್ಮೆ ತಲೆಕೆಳಗಾಗಿ ಹಿಡಿದಿದ್ದರು. ಅತಿಥಿ ಅದನ್ನೂ ಮೆಚ್ಚಿಕೊಂಡ.

ಆ ವರ್ಷ ನನ್ನಲ್ಲಿಗೆ ಬಂದವರಲ್ಲಿ ಬಿಜಾಪುರದ ಕಡೆಯ ಒಬ್ಬ ಮುಸಲ್ಮಾನರಿದ್ದರು, ಮಲಾಡ್ ಮಾರ್ಕೆಟ್ಟಿನ ಒಂದು ಟೇಲರ್ ಅಂಗಡಿಯ ಕಟಿಂಗ್ ಮಾಸ್ಟರ್. ಅಂಗಡಿಯಲ್ಲಿ ಹೊಲಿಯುವವರು ನಾಲ್ಕು ಮಂದಿ ಇದ್ದರೂ ಬಟ್ಟೆಗೆ ಕತ್ತರಿ ಹಾಕುವವನು ಒಬ್ಬನೇ; ಅವನ ಕೈ ತಪ್ಪಿದರೆ ಗಿರಾಕಿಯ ಸೂಟಿನ ಬಟ್ಟೆ ಕಸದ ಬುಟ್ಟಿಗೆ. ಇವರು ಅಂಗಡಿಯ ಶೋಕೇಸಿನ ಗಾಜು ಒಡೆದು, ಬಲಗೈಯ ತೋರುಬೆರಳು, ನಡುಬೆರಳು ಎರಡರ ನರವನ್ನೂ ಕಡಿದುಕೊಂಡಿದ್ದರು. ಮೊದಲ ದಿನ ನಾನು ಹಿಂದಿಯಲ್ಲಿ ಮಾತಾಡಿಸಿದೆ, ಅವರೂ ಹಿಂದಿಯಲ್ಲೇ ಉತ್ತರ ಕೊಟ್ಟರು. ಬ್ಯಾಂಡೇಜು ಬಿಚ್ಚುವಾಗ ನೋವಿಗೆ "ಯವ್ವಾ" ಅಂದುಬಿಟ್ಟರು.

"ಕನ್ನಡದವರಾ ನೀವು?" ಎಂದೆ.

"ಹೌದ್ರೀ ಅಕ್ಕಾರ! ನೀವೂ ನಮ್ಮ ಕಡೇವ್ರ ಅನ್ರಿ!" ಎಂದು ಮುಖ ಅರಳಿಸಿದರು. ಆಮೇಲೆ ಕೈಯನ್ನೇ ನೋಡುತ್ತಾ, "ಅಕ್ಕಾರ, ಕತ್ತರಿ ಹಿಡ್ಯಾಕ ಬರ್ತದಲ್ರೀ?" ಎಂದು ಕೇಳಿದರು.

ಬಂದ ದಿನವೆಲ್ಲ ಅವರದು ಅದೊಂದೇ ಪ್ರಶ್ನೆ. ನೋವಿನ ಮಾತಿಲ್ಲ, ಕಾಯಿಸಿದಿರಿ ಎಂಬ ದೂರಿಲ್ಲ. ಮಲಾಡಿನಿಂದ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಆ ನೂಕುನುಗ್ಗಲಿನಲ್ಲಿ ಕಟ್ಟಿದ ಕೈಯನ್ನು ತಲೆಯ ಮೇಲೆತ್ತಿಕೊಂಡು ವಾರಕ್ಕೆ ಮೂರು ದಿನ ಬರುತ್ತಿದ್ದರು. ಒಂದು ದಿನ ನಾನು ತಗಡು ಕತ್ತರಿಸುವುದನ್ನು ಸುಮ್ಮನೆ ನೋಡುತ್ತಿದ್ದವರು ತಡೆಯಲಾರದೆ ಬಾಯಿ ಹಾಕಿದರು.

"ಹಂಗ ಒಮ್ಮೆಲೇ ಕತ್ತರಿ ಹಾಕಬ್ಯಾಡ್ರಿ ಅಕ್ಕಾರ. ತಗಡಿಗೂ ಬಟ್ಟೀಗೂ ಒಂದ ಲೆಕ್ಕ. ಮೊದಲ ಕೈ ಅಳತೀಲೆ ಕಾಗದ ಕತ್ತರಿಸ್ರಿ. ಹೆಬ್ಬಟ್ಟಿನ ಹಂತೇಲಿ ಜಂಪರಿನ ಬಗಲ ಇಳಿಸಿಧಂಗ ಇಳಸ್ರಿ, ಆವಾಗ ಒತ್ತೂದಿಲ್ಲ."

ಎಡಗೈಯಲ್ಲೇ ಪೆನ್ಸಿಲ್ ಹಿಡಿದು ಹಳೆಯ ಎಕ್ಸ್‌ರೇ ಕವರಿನ ಮೇಲೆ ಗೀಚಿ ತೋರಿಸಿದರು. ಅವರು ಹೇಳಿದ ಹಾಗೆ, ರವಿಕೆಯ ಕಂಕುಳಿಗೆ ದುಂಡಗೆ ಇಳಿಸುವಂತೆ, ಮಾಡಿದೆ. ಅಲ್ಲಿಯ ತನಕ ಎಲ್ಲರ ಹೆಬ್ಬೆರಳ ಬುಡವೂ ಉಜ್ಜಿ ಕೆಂಪಾಗುತ್ತಿತ್ತು, ಅದು ನಿಂತಿತು. ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರಾರಿಗೂ ಹೊಳೆಯದ ಬುದ್ಧಿ ಅದು.

ಆರು ವಾರವಾದ ಮೇಲೆ ಸ್ಪ್ಲಿಂಟ್ ಬಿಚ್ಚಿದೆವು. ಬೆರಳು ಅರ್ಧ ಮಡಿಯುತ್ತಿತ್ತು, ಅಂಗೈ ಮುಟ್ಟಲು ಇನ್ನೂ ಎರಡು ಬೆರಳಗಲ ಬಾಕಿ. ನರ ಅಂಟಿಕೊಂಡಿತ್ತು. ನಾನು ಅವರಿಗೆ ಬಿಡಿಸಿ ಹೇಳಿದೆ: ಎರಡು ಮೂರು ತಿಂಗಳು ಬಿಡದೆ ಬಂದು ವ್ಯಾಯಾಮ ಮಾಡಬೇಕು. ಆಗಲೂ ಬಿಡದಿದ್ದರೆ ಇನ್ನೊಂದು ಸಣ್ಣ ಆಪರೇಷನ್ನಿನಲ್ಲಿ ಅಂಟನ್ನು ಬಿಡಿಸುತ್ತಾರೆ. ಆದರೆ ಗಿಣ್ಣು ಗಟ್ಟಿಯಾಗುವ ಮೊದಲು ಆಗಬೇಕು. ಒಮ್ಮೆ ಗಿಣ್ಣು ಬಿಗಿದರೆ ಬ್ರಹ್ಮ ಬಂದರೂ ಬಗ್ಗಿಸಲಾರ.

"ತಿಳೀತ್ರೀ," ಎಂದು ತಲೆ ಕೆಳಗೆ ಹಾಕಿದರು. "ಆದ್ರ ನಾಳಿಂದ ರಂಜಾನ್ ಐತ್ರಿ ಅಕ್ಕಾರ. ಈದಿಗೆ ಮಂದಿ ಬಟ್ಟಿ ಹೊಲಸಾಕ ಮುಗೀಬೀಳ್ತಾರ. ಕತ್ತರಿ ಹಾಕಾಕ ಆಗದಿದ್ರೂ ಅಳತಿ ತಗೊಳ್ಳಾಕ ನಾ ಇರಬೇಕು. ಇಲ್ಲಂದ್ರ ಮಾಲಕ ಬ್ಯಾರೆ ಮಾಸ್ಟರನ್ನ ಕೂಡಸ್ತಾನ. ಈದ್ ಮುಗಿದ ಮ್ಯಾಲೆ ಬಂದಬಿಡ್ತೀನ್ರಿ."

"ಖಂಡಿತಾ ಬರ್ಬೇಕು ಮಾಸ್ಟರ್. ಮರೆತ್ರೆ ಕೈ ಕೆಟ್ಟೋಗತ್ತೆ."

"ಮರಿಯೂದೆಂಗ್ರೀ, ಅನ್ನ ಇದರಾಗ ಐತಿ," ಎಂದು ಬೆರಳು ತೋರಿಸಿ ಹೋದರು. ಅವರ ಕೇಸ್ ಪೇಪರಿನಲ್ಲಿ ಅಳತೆ ಬರೆದೆ, ಅಂಟಿದೆ ಎಂದು ಬರೆದೆ, ಹಬ್ಬ ಕಳೆದು ಬರುತ್ತಾರೆ ಎಂದೂ ಬರೆದೆ. ಅಷ್ಟರ ಮಟ್ಟಿಗೆ ನಾನು ಯೋಗ್ಯಳೇ ಆಗಿದ್ದೆ.

ಸಮ್ಮೇಳನದ ಕಾಗದ ಬಂದದ್ದು ಇದಕ್ಕೂ ಮುಂಚೆ. ವಿಮಾನ ನಿಲ್ದಾಣದ ಹತ್ತಿರ ಸಾಂತಾಕ್ರೂಜಿನ ಒಂದು ದೊಡ್ಡ ಹೋಟೆಲಿನಲ್ಲಿ ಕೈ ಚಿಕಿತ್ಸೆಯ ಸಮ್ಮೇಳನ, ಸಂಶೋಧನೆಯ ಸಾರಾಂಶ ಕಳಿಸಿ ಎಂಬ ಕರೆ. ಸಂಶೋಧನೆ ಮಾಡಿದವರಾರೂ ಇರಲಿಲ್ಲವಾದ್ದರಿಂದ ಯಾರೂ ಕಳಿಸಲಿಲ್ಲ. ಕೊನೆಯ ದಿನಾಂಕವನ್ನು ಮೂರು ಸಲ ಮುಂದೆ ಹಾಕಿದರು. ರಂಜಾನ್ ನಡುವೆ ಮೂರನೆಯ ಸಲದ ಸುತ್ತೋಲೆ ಬಂದ ದಿನ ದೊಡ್ಡ ಸಾಹೇಬರು ನಮ್ಮ ಕೋಣೆಗೆ ಇಳಿದು ಬಂದರು. ಅತಿಥಿಯಿಲ್ಲ, ಒಬ್ಬರೇ.

"ಏನಮ್ಮಾ, ಚೆನ್ನಾಗಿದೀಯಾ? ಮನೇಲಿ ತಾಯಿ ಸೌಖ್ಯಾನಾ?" ಎಂದರು, ಕನ್ನಡದಲ್ಲಿ.

ನಾನು ಕತ್ತರಿ ಕೆಳಗಿಟ್ಟೆ.

"ಈ ಸ್ಪ್ಲಿಂಟ್ ಮೇಲೆ ಒಂದು ಪೇಪರ್ ಮಾಡೋಣ. ನೀನೇ ಬರೆದ್ಬಿಡು, ಹ್ಞಾಂ? ನಿನ್ನ ಹೆಸರೂ ಹಾಕೋಣ. ಸೊವನೀರ್ ಬುಕ್‌ನಲ್ಲಿ ಪ್ರಿಂಟ್ ಆಗತ್ತೆ."

ಹೆಸರು! ಆ ಒಂದು ಮಾತಿಗೆ ನಾನು ಕುಣಿದುಬಿಟ್ಟೆ. ಆ ಸಂಜೆ ತಾಯಿಗೆ ಹೇಳಿದರೆ, "ಅಚ್ಚಾಗತ್ತಾ? ನಿಮ್ಮಪ್ಪ ಇದ್ದಿದ್ರೆ ಎಷ್ಟು ಹಿಗ್ತಿದ್ರು. ಒಂದು ಪುಸ್ತಕ ಚಿಕ್ಕಮ್ಮನಿಗೂ ಕಳ್ಸೋಣ ಕಣೇ, ನರ್ಸು ಅಂತಾಳಲ್ಲ" ಎಂದರು. ಮೂರು ದಿನ ಊಟದ ಹೊತ್ತಿನಲ್ಲೂ ಕೂತು ಎಲ್ಲ ಕೇಸ್ ಪೇಪರುಗಳನ್ನೂ ತೆಗೆದು ಲೆಕ್ಕ ಹಾಕಿದೆ. ಹೆಚ್ಚು ಕಡಿಮೆ ಅರ್ಧದಷ್ಟು ಜನ ನಡುವಿನಲ್ಲೇ ಬರುವುದನ್ನು ನಿಲ್ಲಿಸಿದ್ದರು. ಬಂದವರಲ್ಲಿ ಕೆಲವರದು ಚೆನ್ನಾಗಿ ಆಗಿತ್ತು, ಕೆಲವರದು ಪರವಾಗಿಲ್ಲ, ಕೆಲವರದು ಕೆಟ್ಟಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು ಸಾಹೇಬರ ಕೋಣೆಗೆ ಹೋದೆ. ಅವರು ಕನ್ನಡಕ ಹಣೆಗೇರಿಸಿ ಓದಿ ನಕ್ಕರು.

"ಇದೇನಮ್ಮಾ, ಅರ್ಧಕ್ಕರ್ಧ ಜನ ಲಾಸ್ಟ್ ಅಂತ ಬರ್ದಿದೀಯ? ಕಳೆದುಹೋಗೋಕೆ ಅವರೇನು ಕೊಡೆಗಳಾ?"

"ಬರಲಿಲ್ಲ ಸರ್. ಈಗ ಕೈ ಹೇಗಿದ್ಯೋ ಗೊತ್ತಿಲ್ಲ."

"ಯಾಕೆ ಬರ್ಲಿಲ್ಲ ಹೇಳು? ಬೆರಳು ಮಡಿಸೋಕೆ ಆಗ್ದೇ ಇದ್ರೆ ಮನುಷ್ಯ ಬರ್ದೇ ಇರ್ತಾನಾ? ಬಾಗಿಲಲ್ಲಿ ಬಂದು ಕೂತಿರ್ತಾನೆ. ಗುಣ ಆಯ್ತು, ಕೆಲಸಕ್ಕೆ ಹೋದ, ಬರ್ಲಿಲ್ಲ. ಬಾರದವರೆಲ್ಲ ಗುಣವಾದವರು. ಕಾಮನ್ ಸೆನ್ಸ್ ಕಣಮ್ಮಾ! ಅವರನ್ನೆಲ್ಲ ಎಕ್ಸಲೆಂಟಿಗೆ ಹಾಕು."

"ಸರ್, ಕೆಲವರು ಯಾಕೆ ಬರ್ಲಿಲ್ಲ ಅಂತ ನಂಗೆ ಗೊತ್ತು..."

"ಎಲ್ಲಾ ನಿಂಗೇ ಗೊತ್ತಿದ್ರೆ ನೀನೇ ಬಂದು ಈ ಕುರ್ಚೀಲಿ ಕೂತ್ಕೋ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಇದು ಅವರೊಬ್ಬರ ಬುದ್ಧಿ ಎಂದೂ ತಿಳಿಯಬೇಡಿ. ನಾನು ಆಮೇಲೆ ಕೇಳಿನೋಡಿದೆ. ನನಗೆ ಗೊತ್ತಿದ್ದ ಇನ್ನೆರಡು ಆಸ್ಪತ್ರೆಗಳಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು, ಯಾರಿಗೂ ಇದು ಸುಳ್ಳು ಅನ್ನಿಸಿರಲಿಲ್ಲ. ನಮ್ಮ ಓಪಿಡಿ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಮಾತ್ರ ತೆರೆದಿರುತ್ತಿತ್ತು. ಕೂಲಿ ಬಿಟ್ಟು ಯಾರು ಬರಬೇಕು, ಬಂದರೆ ಕೆಲಸ ಉಳಿಯುತ್ತದೆಯೇ, ಇದೊಂದೂ ಆ ದೊಡ್ಡ ತಲೆಗಳಿಗೆ ಹೊಕ್ಕಿರಲಿಲ್ಲ. ಸತ್ತವರೂ ತಿರುಗಿ ಬರುವುದಿಲ್ಲ. ಈ ಲೆಕ್ಕದಲ್ಲಿ ಅವರು ಎಲ್ಲರಿಗಿಂತ ಚೆನ್ನಾಗಿ ಗುಣವಾದವರು.

ಅಷ್ಟಕ್ಕೆ ಮುಗಿಯಲಿಲ್ಲ. ನಾನು ಬಾಗಿಲ ತನಕ ಬಂದಾಗ ಹಿಂದಿನಿಂದ ಕರೆದರು. "ನಾಳೆ ಯಾರಾದ್ರೂ ಕೇಸ್ ಪೇಪರ್ ತೋರ್ಸಿ ಅಂದ್ರೆ ಟ್ಯಾಲಿ ಆಗ್ಬೇಕಲ್ಲ. ಆ ಬಾರದವರದ್ದಕ್ಕೆಲ್ಲ ಒಂದೊಂದು ಫೈನಲ್ ಷೀಟ್ ಮೇಲೆ ಪಿನ್ ಮಾಡ್ಬಿಡು. ಎಕ್ಸಲೆಂಟ್, ಡಿಸ್ಚಾರ್ಜ್ಡ್. ಅಷ್ಟೇ ಸಾಕು."

ಒಂದು ಮಧ್ಯಾಹ್ನ ಕೂತು ಅಷ್ಟನ್ನೂ ಬರೆದೆ. ಯಾರೂ ನನ್ನ ಕತ್ತಿನ ಮೇಲೆ ಕತ್ತಿ ಇಟ್ಟಿರಲಿಲ್ಲ. ಆಗುವುದಿಲ್ಲ ಎಂದಿದ್ದರೆ ಹೆಚ್ಚೆಂದರೆ ಆ ಪುಸ್ತಕದಲ್ಲಿ ನನ್ನ ಹೆಸರು ಬರುತ್ತಿರಲಿಲ್ಲ. ಕಟಿಂಗ್ ಮಾಸ್ಟರರ ಪೇಪರು ಕೈಗೆ ಬಂದಾಗ ಪೆನ್ನು ನಿಂತಿತು. ಇವರ ಬೆರಳು ಮಡಿಯುವುದಿಲ್ಲ ಎಂದು ನನಗೆ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಈದ್ ಕಳೆದು ಅವರು ಬಂದೇ ಬರುತ್ತಾರೆ, ನಾನು ಇಲ್ಲೇ ಇರುತ್ತೇನಲ್ಲ, ಆಗ ಈ ಹಾಳೆ ಕಿತ್ತೆಸೆದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ದುಂಡಗೆ ಬರೆದೆ, ಪಿನ್ ಚುಚ್ಚಿದೆ, ಮುಂದಿನದಕ್ಕೆ ಕೈ ಹಾಕಿದೆ.

ಇನ್ನು ಟೈಪಿಂಗಿನ ಸಂಭ್ರಮ. ಆಗ ಸಾರಾಂಶವನ್ನು ಅವರೇ ಕಳಿಸಿದ ಫಾರಮ್ಮಿನ ಮೇಲೆ ಅಚ್ಚಾಗಿದ್ದ ಒಂದು ನೀಲಿ ಚೌಕದೊಳಗೆ ಟೈಪು ಮಾಡಬೇಕಿತ್ತು. ಅದನ್ನೇ ಫೋಟೋ ತೆಗೆದು ಪುಸ್ತಕಕ್ಕೆ ಹಾಕುತ್ತಿದ್ದರು. ಒಂದಕ್ಷರ ಗೆರೆ ದಾಟಿದರೂ ತಿರಸ್ಕಾರ. ಸಯನ್ ಸ್ಟೇಷನ್ನಿನ ಹತ್ತಿರದ ಟೈಪಿಂಗ್ ಕ್ಲಾಸಿನ ಮಾಸ್ತರರು ಚೌಕದ ಮೇಲೆ ಸ್ಕೇಲ್ ಇಟ್ಟು ಅಳೆದರು, ನಾನು ಕೊಟ್ಟ ಹೆಸರುಗಳ ಪಟ್ಟಿ ನೋಡಿದರು, ತಲೆಯಾಡಿಸಿದರು. "ಬಾಯಿ, ಇತ್ಕೀ ನಾವಂ ಬಸಣಾರ್ ನಾಹೀತ್," ಎಂದರು. ಇಷ್ಟು ಹೆಸರು ಹಿಡಿಸುವುದಿಲ್ಲವಂತೆ.

ಹೇಗೆ ಹಿಡಿಸಬೇಕು? ಮೊದಲು ದೊಡ್ಡ ಸಾಹೇಬರು, ಅವರ ಬೆನ್ನಿಗೆ ಒಂದು ಗಾಡಿಯಷ್ಟು ಡಿಗ್ರಿ. ಆಮೇಲೆ ಅವರ ಕೈಕೆಳಗಿನ ಇಬ್ಬರು ಸರ್ಜನ್ನರು. ಅರಿವಳಿಕೆ ಕೊಟ್ಟವರು. ಎಕ್ಸ್‌ರೇಯವರು, ಇದರಲ್ಲಿ ಎಕ್ಸ್‌ರೇಗೆ ಏನೂ ಕೆಲಸವಿರಲಿಲ್ಲ. ಸಾಹೇಬರ ಷಡ್ಡಕ, ಮೂಳೆ ಡಾಕ್ಟರು. ಅವರು ನಮ್ಮ ಆಸ್ಪತ್ರೆಯವರೇ ಅಲ್ಲ, ಮೊದಲ ಪಟ್ಟಿಯಲ್ಲೂ ಇರಲಿಲ್ಲ, ನಡುವೆ ಹುಟ್ಟಿಕೊಂಡರು. ಏಳನೆಯವಳು ನಾನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹೆಸರು ಮತ್ತು ಡಿಗ್ರಿಗಳೇ ಚೌಕದ ಅರ್ಧ ತಿಂದವು. ಜಾಗ ಮಾಡಲು ವಾಕ್ಯಗಳನ್ನು ಕಡಿಯಬೇಕಾಯಿತು. ತಗಡು ಹೇಗೆ ಕತ್ತರಿಸಬೇಕು ಎಂಬುದು ಹೋಯಿತು. ಮೊದಲು ಕಾಗದದ ಅಳತೆ ಮಾಡಿಕೊಳ್ಳಬೇಕು ಎಂಬುದು ಹೋಯಿತು. ಅಷ್ಟೂ ಸಾರಾಂಶದಲ್ಲಿ ಓದಿದವರಿಗೆ ಉಪಯೋಗಕ್ಕೆ ಬರುತ್ತಿದ್ದ ಮಾತೆಂದರೆ ಅದೊಂದೇ. ಶೀರ್ಷಿಕೆ, ಏಳು ಹೆಸರು, ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಗುಣವಾದರು ಎಂಬ ಕೊನೆಯ ಸಾಲು, ಇಷ್ಟು ಉಳಿಯಿತು. ಶೇಕಡಾ ಎಷ್ಟು ಎಂದು ಹಾಕಿದ್ದೆವೋ ಅದನ್ನು ಇಲ್ಲಿ ಬರೆಯಲು ನನಗೆ ನಾಚಿಕೆ.

ಅಂಚೆಯನ್ನು ನಂಬುವಂತಿಲ್ಲ, ನೀನೇ ಹೋಗಿ ಕೊಟ್ಟು ಬಾ ಎಂದು ಅಪ್ಪಣೆಯಾಯಿತು. ಸಾಂತಾಕ್ರೂಜಿನಲ್ಲಿ ಸಮ್ಮೇಳನದ ಕಾರ್ಯದರ್ಶಿಯ ಫ್ಲ್ಯಾಟು. ಬಾಗಿಲು ತೆರೆದ ಅವರ ಹೆಂಡತಿ ಒದ್ದೆ ಕೈಯಲ್ಲೇ ಲಕೋಟೆ ಇಸಿದುಕೊಂಡು ಫ್ರಿಜ್ಜಿನ ಮೇಲೆ, ದೋಬಿಯ ಚೀಟಿಗಳ ಜೊತೆ ಇಟ್ಟರು. ಪರಿಣತರ ಸಮಿತಿ ಕೂಲಂಕಷವಾಗಿ ಪರಿಶೀಲಿಸಿ ಒಪ್ಪಿಕೊಂಡಿದೆ ಎಂಬ ಪತ್ರ ಮೂರನೆಯ ದಿನಕ್ಕೆ ಬಂತು. ಆಮೇಲೆ ವಿಚಾರಿಸಿದರೆ, ಕಳಿಸಿದ ಪ್ರತಿಯೊಬ್ಬರದನ್ನೂ ಒಪ್ಪಿಕೊಂಡಿದ್ದರು. ಒಂದು ಸಾರಾಂಶದ ಚೌಕದಲ್ಲಿ ಬರೀ ಶೀರ್ಷಿಕೆ ಇತ್ತಂತೆ, ಅದಕ್ಕೂ ವೇದಿಕೆಯ ಮೇಲೆ ಹದಿನೈದು ನಿಮಿಷ ಕೊಟ್ಟಿದ್ದರು.

ಸಮ್ಮೇಳನ ನಡೆದದ್ದು ಈದ್ ಕಳೆದು ಕೆಲವು ವಾರಗಳ ಮೇಲೆ, ಒಂದು ಶನಿವಾರ. ಮಾಸ್ಟರ್ ಅಲ್ಲಿಯ ತನಕ ಬಂದಿರಲಿಲ್ಲ. ಈದ್ ಆಯಿತು, ಈಗ ಮದುವೆಗಳ ಬಟ್ಟೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಒಂದು ಕಾರ್ಡು ಬರೆಯಬಹುದಿತ್ತು. ಬರೆಯಲಿಲ್ಲ, ಸೀರೆಗೆ ಫಾಲ್ ಹಚ್ಚಿಸುವ ಗಡಿಬಿಡಿಯಲ್ಲಿದ್ದೆ.

ದೀಪ ಬೆಳಗಿದರು, ಗಣಪತಿಯ ಶ್ಲೋಕ ಹಾಡಿಸಿದರು, ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ನಮ್ಮ ಸಾಹೇಬರು ನಾನು ಬರೆದದ್ದನ್ನು ಓದಿದರು, ಚಪ್ಪಾಳೆ ಬಿತ್ತು. ಪರ ಊರಿನಿಂದ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸು ಎದ್ದುನಿಂತು, ಇಷ್ಟೂ ರೋಗಿಗಳನ್ನು ಕೊನೆಯ ತನಕ ಹೇಗೆ ಕರೆಸಿಕೊಂಡಿರಿ, ನಮ್ಮಲ್ಲಿ ಅರ್ಧ ಜನ ಬರುವುದೇ ಇಲ್ಲವಲ್ಲ ಎಂದು ಕೇಳಿದರು. ಆ ಸಭೆಯಲ್ಲಿ ನಿಜವಾಗಿ ರೋಗಿಗಳನ್ನು ನೋಡುತ್ತಿದ್ದವರು ಅವರೊಬ್ಬರೇ ಇರಬೇಕು. "ನಮ್ಮ ರೋಗಿಗಳು ಬಹಳ ಸಹಕಾರ ಕೊಡುತ್ತಾರೆ," ಎಂದು ಸಾಹೇಬರು ಇಂಗ್ಲಿಷಿನಲ್ಲಿ ಹೇಳಿ, ನೀರು ಕುಡಿದು, ಕೆಳಗಿಳಿದರು. ಥೂ! ಆ ಹೆಂಗಸಿನ ಪಕ್ಕದ ಸಾಲಿನಲ್ಲೇ ಕೂತಿದ್ದ ನಾನು ತಲೆ ತಗ್ಗಿಸಿ ಸೀರೆಯ ನೆರಿಗೆ ಸರಿಮಾಡಿಕೊಂಡೆ.

ಊಟದ ಹೊತ್ತಿಗೆ ಪುಸ್ತಕ ಹಂಚಿದರು. ಪುಟ ತಿರುವಿ ತಿರುವಿ ನಮ್ಮದನ್ನು ಹುಡುಕಿದೆ. ಹೆಸರುಗಳ ಮೊದಲ ಸಾಲು ಮಾತ್ರ ಉಳಿಸಿ ಅಚ್ಚಿನವರು ಉಳಿದ ಹೆಸರುಗಳನ್ನು ಕತ್ತರಿಸಿದ್ದರು. ಸಾಹೇಬರು, ಅವರ ಡಿಗ್ರಿಗಳು, ಮತ್ತು ಇತರರು. ನಾನು ಆ ಇತರರಲ್ಲಿ ಎಲ್ಲೋ ಇದ್ದೆ. ಹೋಟೆಲಿನ ಬಾತ್‌ರೂಮಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ, ಅಲ್ಲಿನ ಪರಿಮಳದ ಸೋಪಿನಲ್ಲಿ ಮುಖ ತೊಳೆದುಕೊಂಡೆ. ಅತ್ತದ್ದು ಹೆಸರಿಗೆ. ಬೇರೆ ಯಾವುದಕ್ಕೂ ಅಲ್ಲ.

ಮುಂದಿನದು ನಾಲ್ಕೈದು ತಿಂಗಳ ಮೇಲಿನ ಮಾತು. ನನ್ನ ಸೋದರಮಾವನ ಮಗಳ ಕೂಸಿಗೆ ಮಲಾಡಿನಲ್ಲಿ ನಾಮಕರಣ. ಹೂವು ತರಲು ಮಾರ್ಕೆಟ್ಟಿಗೆ ಹೋದವಳ ಕಣ್ಣಿಗೆ, ಕೇಸ್ ಪೇಪರಿನಲ್ಲಿ ವಿಳಾಸ ಬರೆದುಕೊಂಡಿದ್ದ ಆ ಟೇಲರ್ ಅಂಗಡಿ ಬಿತ್ತು. ಒಳಗೆ ಎತ್ತರದ ಮೇಜಿನ ಮುಂದೆ ಯಾರೋ ಬೇರೆಯವರು ನಿಂತು ಬಟ್ಟೆ ಕತ್ತರಿಸುತ್ತಿದ್ದರು. ನಮ್ಮ ಮಾಸ್ಟರ್ ಹೊಸ್ತಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಸೂಜಿ ಹಿಡಿದು ಶರ್ಟಿಗೆ ಗುಂಡಿ ಹಚ್ಚುತ್ತಿದ್ದರು. ನನ್ನನ್ನು ನೋಡಿದ್ದೇ ತಡ, ಬಲಗೈಯನ್ನು ಆ ಶರ್ಟಿನ ಕೆಳಗೆ ಮುಚ್ಚಿಟ್ಟುಕೊಂಡರು.

"ಯಾಕೆ ಮಾಸ್ಟರ್, ಬರ್ಲೇ ಇಲ್ವಲ್ಲ?" ಎಂದೆ.

"ತಪ್ಪಾತ್ರೀ ಅಕ್ಕಾರ," ಎಂದು ಎದ್ದುನಿಂತರು. ಕಣ್ಣು ಮೇಲೆತ್ತಲಿಲ್ಲ. "ಯಾವ ಮಾರಿ ಹೊತ್ಕೊಂಡ ಬರ್ಲಿ? ನೀವು ಅಷ್ಟ ಚಂದ ಮಾಡಿ ಕಳಿಸಿದ್ರಿ, ನಾ ಕೆಡಿಸ್ಕೊಂಡೆ."

"ಏನು ಹೇಳ್ತಿದೀರಿ?"

"ಬಂದಿದ್ನಿರೀ. ಒಂದು ಶನಿವಾರ ಬಂದಿದ್ನಿ. ನೀವು ಇರಲಿಲ್ಲ, ದೊಡ್ಡ ಸಭಾ ಐತಿ ಅಂದ್ರು. ಒಬ್ಬ ಸಣ್ಣ ಡಾಕ್ಟರ್ ಇದ್ರು. ಕಾಗದ ತಗದು ನೋಡಿದ್ರು, ನಿಂದು ಎಕ್ಸಲೆಂಟ್ ಐತಿ, ಡಿಸ್ಚಾರ್ಜ್ ಆಗೈತಿ ಅಂದ್ರು. ಬೆರಳ ಮಡಚೂದಿಲ್ರಿ ಸಾಹೇಬ್ರ ಅಂದೆ. ಇಲ್ಲಿಂದ ಹೋಗುವಾಗ ಛಲೋ ಇತ್ತು, ಮನ್ಯಾಗ ಕುಂತು ಮೈಗಳ್ಳತನ ಮಾಡಿ ಕೆಡಿಸೀ ಅಂತ ಬೈದ್ರು. ಖರೆ ಇರಬೇಕು ಅನಸ್ತು. ರಂಜಾನ್ ತಿಂಗಳ ವ್ಯಾಯಾಮ ಬರೋಬರಿ ಮಾಡಿರಲಿಲ್ರಿ ನಾನು."

ಆ ಶನಿವಾರ ಯಾವುದು ಎಂದು ಕೇಳುವ ಅಗತ್ಯವಿರಲಿಲ್ಲ. ಆ ಹುಡುಗ ಡಾಕ್ಟರನದೂ ತಪ್ಪಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಮೇಲಿನ ಹಾಳೆ ಎತ್ತಿ ಕೆಳಗಿನದನ್ನು ಓದುವ ಪದ್ಧತಿಯೇ ಇರಲಿಲ್ಲ. ಮೇಲಿನ ಹಾಳೆ ನನ್ನದು.

"ಕೈ ತೋರ್ಸಿ," ಎಂದೆ. ಮನಸ್ಸಿಲ್ಲದೆ ತೋರಿಸಿದರು. ಎರಡೂ ಬೆರಳಿನ ಗಿಣ್ಣುಗಳು ಬಾತು ಹೊಳೆಯುತ್ತಿದ್ದವು, ಸುತ್ತಲೂ ಪಟ್ಟಿ ಕಟ್ಟಿದ ಗುರುತು. ದಿನಾ ಬಟ್ಟೆಯ ಅಂಚು ಹರಿದು ಬೆರಳನ್ನು ಅಂಗೈಗೆ ಎಳೆದು ಕಟ್ಟಿಕೊಳ್ಳುತ್ತಿದ್ದರಂತೆ. ತಾನು ಕೆಡಿಸಿದ್ದನ್ನು ತಾನೇ ಸರಿಮಾಡಿಕೊಂಡು, ಆಮೇಲೆ ನನ್ನೆದುರಿಗೆ ಬರೋಣ ಎಂದು. ಹಾಗೆ ಕಟ್ಟಿದಷ್ಟೂ ಗಿಣ್ಣು ಬಾತು ಬಿಗಿಯುತ್ತದೆ. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ಸೋಮವಾರ ಅವರನ್ನು ಬರಹೇಳಿ, ಸಾಹೇಬರ ಕೈಕೆಳಗಿನ ಸರ್ಜನ್ನರಲ್ಲಿ ಒಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಬೆರಳನ್ನು ಹಿಡಿದು ಆಚೆ ಈಚೆ ಒತ್ತಿ ನೋಡಿದರು. "ಜಾಯಿಂಟೇ ಕೂತುಬಿಟ್ಟಿದೆ. ಈಗ ನರ ಬಿಡಿಸಿ ಏನೂ ಪ್ರಯೋಜನ ಇಲ್ಲ. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಮಾಡಬಹುದಿತ್ತು," ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿ ಕೈ ತೊಳೆಯಲು ಹೋದರು. ಅವರ ಹೆಸರೂ ಆ ಚೌಕದಲ್ಲಿತ್ತು.

ಮಾಸ್ಟರರನ್ನು ನಮ್ಮ ಕೋಣೆಗೆ ಕರೆದು ಕೂರಿಸಿದೆ. ಅವರ ಕೇಸ್ ಪೇಪರು ತೆಗೆದು ಮೇಲಿನ ಹಾಳೆಯನ್ನು ಮುಂದೆ ಹಿಡಿದೆ.

"ನೋಡಿ ಮಾಸ್ಟರ್, ಇದನ್ನ ಬರೆದವಳು ನಾನು. ನಿಮ್ಮ ಕೈ ನೋಡದೇನೇ ಚೆನ್ನಾಗಿದೆ ಅಂತ ಬರೆದೆ. ಸುಳ್ಳು ಅಂತ ಗೊತ್ತಿದ್ದೇ ಬರೆದೆ. ಪುಸ್ತಕದಲ್ಲಿ ನನ್ನ ಹೆಸರು ಬರ್ಲಿ ಅಂತ. ನೀವೇನೂ ಕೆಡಿಸ್ಲಿಲ್ಲ. ಕೈ ಯಾವತ್ತೂ ಸರಿಯಾಗಿರ್ಲೇ ಇಲ್ಲ."

ಅವರು ಆ ಹಾಳೆಯನ್ನು ಎಡಗೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮಡಿಕೆ ಬೀಳದ ಹಾಗೆ ಜೋಪಾನವಾಗಿ ಮೇಜಿನ ಮೇಲಿಟ್ಟರು.

"ಹಂಗೆಲ್ಲಾ ಅನಬ್ಯಾಡ್ರಿ ಅಕ್ಕಾರ," ಎಂದರು. "ಇಷ್ಟ ದೊಡ್ಡ ದವಾಖಾನಿ ಕಾಗದ ಸುಳ್ಳ ಇರ್ತೈತೇನ್ರೀ? ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಹೇಳಾಕತ್ತೀರಿ ನೀವು. ನನ್ನ ತಪ್ಪಿಗೆ ನೀವ್ಯಾಕ ಅಳ್ತೀರಿ? ಕಣ್ಣ ಒರಸ್ಕೋರಿ."

ಎದ್ದು, ಬಾತ ಬೆರಳುಗಳನ್ನು ಒಮ್ಮೆ ಎಡಗೈಯಿಂದ ಅಂಗೈಯ ಕಡೆಗೆ ಒತ್ತಿ ನೋಡಿಕೊಂಡರು. "ಈ ಸಲ ಇನ್ನಷ್ಟು ಬಿಗಿ ಕಟ್ತೀನ್ರಿ," ಎಂದು ಹೇಳಿ ಸ್ಟೇಷನ್ನಿನ ಕಡೆಗೆ ಹೊರಟರು.